ವಿದ್ಯಾರ್ಥಿಗಳ ಸಲಹಾ ಕೇಂದ್ರ: ಲೆಕ್ಕಕ್ಕೆ ಮೊದಲು ಕೇಳಬೇಕಾದದ್ದು

ಸಂಖ್ಯಾಶಾಸ್ತ್ರದ ಅಧ್ಯಾಪಕಿಯೊಬ್ಬರು ಬರೆದ ಪತ್ರದ ಸಾರ ಇಷ್ಟು: ವೈದ್ಯಕೀಯ ಸಂಶೋಧಕರು ಅಂಕಿಅಂಶಗಳ ವಿಶ್ಲೇಷಣೆಗೆ ನೆರವು ಕೋರಿ ಅವರ ವಿಭಾಗಕ್ಕೆ ಮೇಲಿಂದ ಮೇಲೆ ಬರುತ್ತಿದ್ದಾರೆ. ಸ್ನಾತಕೋತ್ತರ ವಿದ್ಯಾರ್ಥಿಗಳೇ ನಡೆಸುವ ಸಲಹಾ ಕೇಂದ್ರವೊಂದನ್ನು ತೆರೆಯುವ ಆಸೆ ಅವರಿಗಿದೆ. ಆದರೆ ಅನುಭವವಿಲ್ಲದವರ ಕೈಗೆ ರೋಗಿಗಳ ದತ್ತಾಂಶ ಒಪ್ಪಿಸುವುದು ಸರಿಯೇ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದಾರೆ.

ದಯವಿಟ್ಟು ತೆರೆಯಿರಿ. ಸಹೋದ್ಯೋಗಿಗಳ ಆತಂಕ ನ್ಯಾಯವಾದದ್ದೇ. ಆದರೆ ನೀವು ಬಾಗಿಲು ಮುಚ್ಚಿದರೆ ಆ ದತ್ತಾಂಶ ಅನುಭವಿಗಳ ಕೈಗೇನೂ ಹೋಗುವುದಿಲ್ಲ. ಬಹಳಷ್ಟು ಸಲ ಸಂಶೋಧಕರೇ ಯಾವುದೋ ತಂತ್ರಾಂಶದ ಗುಂಡಿ ಒತ್ತಿ ಬಂದದ್ದನ್ನು ಪ್ರಬಂಧಕ್ಕೆ ಸೇರಿಸುತ್ತಾರೆ. ಕಳಪೆ ವೈದ್ಯಕೀಯ ಸಂಶೋಧನೆಯನ್ನು ಸಂಖ್ಯಾಶಾಸ್ತ್ರಜ್ಞ ಡಗ್ಲಸ್ ಆಲ್ಟ್‌ಮನ್ 1994ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಗರಣವೆಂದು ಕರೆದಿದ್ದರು. ಆ ಮಾತು ಇನ್ನೂ ಹಳತಾಗಿಲ್ಲ.

ನಿಮ್ಮ ವಿದ್ಯಾರ್ಥಿಗಳು ಲೆಕ್ಕದಲ್ಲಿ ಎಡವುತ್ತಾರೆಂಬ ಭಯ ನನಗಿಲ್ಲ. ಸಲಹೆಗಾರರು ಎಡವುವ ಜಾಗವೇ ಬೇರೆ. ತಪ್ಪು ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದನ್ನು ಸಂಖ್ಯಾಶಾಸ್ತ್ರಜ್ಞ ಕಿಂಬಲ್ 1957ರಲ್ಲಿ ಸಂಖ್ಯಾಶಾಸ್ತ್ರೀಯ ಸಲಹೆಯ ‘ಮೂರನೆಯ ಬಗೆಯ ದೋಷ’ ಎಂದರು. ಮೊದಲೆರಡು ಬಗೆಯ ದೋಷಗಳನ್ನು, ಎಂದರೆ ಇಲ್ಲದ ಪರಿಣಾಮವನ್ನು ಇದೆಯೆನ್ನುವುದನ್ನು ಮತ್ತು ಇರುವ ಪರಿಣಾಮವನ್ನು ಕಾಣದೆ ಹೋಗುವುದನ್ನು, ನಾವು ತರಗತಿಯಲ್ಲಿ ತಿಂಗಳುಗಟ್ಟಲೆ ಕಲಿಸುತ್ತೇವೆ. ಈ ಮೂರನೆಯದನ್ನು ಕಲಿಯಬೇಕಾದರೆ ಎದುರಿಗೆ ಒಬ್ಬ ಸಂಶೋಧಕ ಕುಳಿತಿರಬೇಕು.

ಕಣ್ಣಿನ ವೈದ್ಯರೊಬ್ಬರು ಬಂದರೆಂದು ಇಟ್ಟುಕೊಳ್ಳಿ. ಹಾಳೆಯಲ್ಲಿ 80 ಸಾಲುಗಳಿವೆ. ‘ಎರಡು ಗುಂಪುಗಳಿವೆ, ಟಿ-ಪರೀಕ್ಷೆ ಮಾಡಿಕೊಟ್ಟರೆ ಸಾಕು’ ಎನ್ನುತ್ತಾರೆ. ಎರಡು ಗುಂಪುಗಳ ಸರಾಸರಿಗಳನ್ನು ಹೋಲಿಸುವ ಪರೀಕ್ಷೆ ಅದು. ಚುರುಕಾದ ವಿದ್ಯಾರ್ಥಿ ಐದೇ ನಿಮಿಷದಲ್ಲಿ ಮಾಡಿಕೊಟ್ಟುಬಿಡುತ್ತಾನೆ. ಇನ್ನೊಬ್ಬಳು, ‘ಒಂದು ಸಾಲು ಎಂದರೆ ಒಬ್ಬ ರೋಗಿಯೇ, ಒಂದು ಕಣ್ಣೇ?’ ಎಂದು ಕೇಳುತ್ತಾಳೆ. ಕಣ್ಣು ಎಂಬ ಉತ್ತರ ಬರುತ್ತದೆ. ಹಾಗಾದರೆ ರೋಗಿಗಳು 40 ಮಂದಿ ಮಾತ್ರ; ಒಬ್ಬರ ಎರಡೂ ಕಣ್ಣುಗಳಿಗೆ ಒಂದೇ ಚಿಕಿತ್ಸೆ ನಡೆದಿದೆ. ಎರಡು ಕಣ್ಣುಗಳ ಅಳತೆಗಳ ನಡುವಣ ಸಹಸಂಬಂಧ (ಎರಡೂ ಎಷ್ಟರ ಮಟ್ಟಿಗೆ ಒಟ್ಟಿಗೆ ಸಾಗುತ್ತವೆ ಎಂಬುದರ ಅಳತೆ; ಪೂರ್ತಿ ಒಟ್ಟಿಗಾದರೆ 1) 0.6 ಇದ್ದರೆ, ಆ 80 ಕಣ್ಣುಗಳಿಂದ ಸಿಗುವ ಮಾಹಿತಿ ಸುಮಾರು 50 ಸ್ವತಂತ್ರ ಅಳತೆಗಳಷ್ಟೇ. ಅದನ್ನು ಲೆಕ್ಕಿಸದೆ ಬಂದ ಪಿ-ಮೌಲ್ಯ (ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) ಇರುವುದಕ್ಕಿಂತ ಹೆಚ್ಚಿನ ಭರವಸೆ ಕೊಡುತ್ತದೆ. ಆಕೆ ಯಾವ ಹೊಸ ಸೂತ್ರವನ್ನೂ ಕಲಿತು ಬಂದವಳಲ್ಲ. ಹಾಳೆ ಹೇಗೆ ತುಂಬಿತೆಂದು ವಿಚಾರಿಸಿದಳು, ಅಷ್ಟೇ. ವಯಸ್ಸಿನ ಅಂಕಣದಲ್ಲಿರುವ 999 ಎಂದರೇನು, ಖಾಲಿ ಬಿಟ್ಟ ಮನೆ ‘ಇಲ್ಲ’ ಎಂದೋ ‘ಗೊತ್ತಿಲ್ಲ’ ಎಂದೋ, ನಡುವೆ ಬಿಟ್ಟುಹೋದ ರೋಗಿಗಳು ಎಲ್ಲಿ? ಮೊದಲ ಭೇಟಿಯ ಒಂದು ಗಂಟೆ ಹೀಗೆಯೇ ಕಳೆಯಬೇಕು. ಆ ಹೊತ್ತಿನಲ್ಲಿ ಗಣಕಯಂತ್ರ ತೆರೆಯಲು ನಾನಾದರೆ ಬಿಡುವುದಿಲ್ಲ.

ಇನ್ನು ವೇಳೆಯ ಮಾತು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಯುವುದು ಮರಣೋತ್ತರ ಪರೀಕ್ಷೆಗೆ ಕರೆದಂತೆ ಎಂದು ಆಧುನಿಕ ಸಂಖ್ಯಾಶಾಸ್ತ್ರದ ಸ್ಥಾಪಕರಲ್ಲೊಬ್ಬರಾದ ಫಿಷರ್ 1938ರಲ್ಲಿ ಹೇಳಿದ್ದರು. ಸಾವಿಗೆ ಕಾರಣವನ್ನಷ್ಟೇ ಆತ ತಿಳಿಸಬಲ್ಲ. ತೊಡಕುಗಳ ಪ್ರಮಾಣವನ್ನು ಶೇ 30ರಿಂದ ಶೇ 20ಕ್ಕೆ ಇಳಿಸುವ ಚಿಕಿತ್ಸೆಯೊಂದನ್ನು ಶೇ 80ರ ಸಾಮರ್ಥ್ಯದಲ್ಲಿ (ಪರಿಣಾಮ ಇದ್ದರೆ ಅದು ಪತ್ತೆಯಾಗುವ ಸಂಭವ), ಶೇ 5ರ ಮಟ್ಟದಲ್ಲಿ (ಪರಿಣಾಮ ಇಲ್ಲದಿದ್ದರೂ ಇದೆಯೆಂದುಬಿಡುವ ಸಂಭವ) ಗುರುತಿಸಬೇಕಾದರೆ ಗುಂಪಿಗೆ ಹೆಚ್ಚುಕಡಿಮೆ 290 ರೋಗಿಗಳು ಬೇಕು. ಗುಂಪಿಗೆ 40 ಮಂದಿಯನ್ನು ಇಟ್ಟುಕೊಂಡು ಅಧ್ಯಯನ ಮುಗಿಸಿ ಬಂದವರಿಗೆ ಏನು ಹೇಳುವುದು? ಅದಕ್ಕೇ ನೈತಿಕ ಸಮಿತಿಗೆ ಅರ್ಜಿ ಹಾಕುವ ಮುನ್ನ ಬಂದವರಿಗೆ ಮೊದಲ ಆದ್ಯತೆ ಎಂದು ಕೇಂದ್ರದ ಪ್ರಕಟಣೆಯಲ್ಲೇ ಹಾಕಿ. ಎಷ್ಟು ಇಳಿದರೆ ರೋಗಿಗೆ ನಿಜಕ್ಕೂ ಪ್ರಯೋಜನ ಎಂಬುದನ್ನು ಹೇಳಬೇಕಾದವರು ವೈದ್ಯರು. ಆ ಅಂಕಿಯನ್ನು ವಿದ್ಯಾರ್ಥಿಗಳು ತಾವಾಗಿ ಊಹಿಸಿಕೊಳ್ಳಬಾರದು.

ನನಗೆ ನಿಜವಾದ ಚಿಂತೆ ಇರುವುದು ಇನ್ನೊಂದು ಕಡೆ. ಪಿ-ಮೌಲ್ಯ 0.06 ಬಂದಿದೆ, ರೂಢಿಯ ಗಡಿಯಾದ 0.05ಕ್ಕಿಂತ ತುಸು ಮೇಲೆ; ‘ಬೇರೆ ಪರೀಕ್ಷೆ ಹಾಕಿ ನೋಡು, ವಯಸ್ಸಾದವರನ್ನು ತೆಗೆದು ನೋಡು’ ಎಂದು ಹಿರಿಯ ವೈದ್ಯರು ಒತ್ತಾಯಿಸುತ್ತಾರೆ. ಪರಿಣಾಮವೇ ಇಲ್ಲದ ಕಡೆ 20 ಸ್ವತಂತ್ರ ಪರೀಕ್ಷೆಗಳನ್ನು ನಡೆಸಿದರೂ ಒಂದಾದರೂ 0.05ಕ್ಕಿಂತ ಕೆಳಗೆ ಬೀಳುವ ಸಂಭವ ಶೇ 64. ವಿದ್ಯಾರ್ಥಿಗೆ ಇದು ಗೊತ್ತು. ಆದರೆ ಇಪ್ಪತ್ತೆರಡರ ಹರೆಯದಲ್ಲಿ, ಐವತ್ತು ದಾಟಿದ ಪ್ರಾಧ್ಯಾಪಕರ ಎದುರು ಹೇಳಲು ಬಾಯಿ ಬಾರದು. ಆ ಭಾರವನ್ನು ಅವರ ಹೆಗಲಿಗೆ ಬಿಡಬೇಡಿ. ಮುಖ್ಯ ಫಲಿತಾಂಶ ಯಾವುದು, ಯಾವ ವಿಧಾನ, ಯಾರನ್ನು ಏಕೆ ಕೈಬಿಡಬಹುದು ಎಂಬುದನ್ನು ವಿಶ್ಲೇಷಣೆಗೆ ಮುಂಚೆಯೇ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಅದರಾಚೆ ಮಾಡಿದ್ದೆಲ್ಲ ವರದಿಯಲ್ಲಿ ‘ನಂತರ ಹೊಳೆದದ್ದು’ ಎಂದೇ ದಾಖಲಾಗಲಿ. ಆಗುವುದಿಲ್ಲ ಎನ್ನಬೇಕಾದಾಗ ಪತ್ರ ನಿಮ್ಮ ಸಹಿಯಲ್ಲಿ ಹೋಗಲಿ. ಇಷ್ಟು ಮಾಡಲು ಬಿಡುವಿಲ್ಲದ ಅಧ್ಯಾಪಕರು ಇಂಥ ಕೇಂದ್ರಕ್ಕೆ ಕೈ ಹಾಕಬಾರದೆಂದು ಖಡಾಖಂಡಿತವಾಗಿ ಹೇಳುತ್ತೇನೆ.

ಭೇಟಿಗೆ ಯಾವಾಗಲೂ ಇಬ್ಬರನ್ನು ಕೂರಿಸಿ. ಒಬ್ಬರು ಮಾತನಾಡಲಿ, ಇನ್ನೊಬ್ಬರು ಬರೆದುಕೊಳ್ಳಲಿ. ರೋಗಿಗಳ ಹೆಸರು, ದೂರವಾಣಿ ಸಂಖ್ಯೆ ಆಸ್ಪತ್ರೆಯಲ್ಲೇ ಅಳಿಸಿ ಬರಬೇಕು. ಕಡತ ಯಾರ ಮೊಬೈಲ್‌ಗೂ ಇಳಿಯಕೂಡದು. ಲೇಖಕತ್ವದ ಮಾತನ್ನು ಮೊದಲ ದಿನವೇ ಆಡಿ. ವೈದ್ಯಕೀಯ ನಿಯತಕಾಲಿಕ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮದಂತೆ ಅಧ್ಯಯನದ ರೂಪುರೇಷೆಗೋ ವಿಶ್ಲೇಷಣೆಗೋ ಗಣನೀಯ ಕೊಡುಗೆ ನೀಡಿ, ಬರವಣಿಗೆಯಲ್ಲೋ ಅದರ ವಿಮರ್ಶಾತ್ಮಕ ಪರಿಷ್ಕರಣೆಯಲ್ಲೋ ತೊಡಗಿ, ಅಂತಿಮ ಪ್ರತಿಯನ್ನು ಒಪ್ಪಿ, ಕೃತಿಯ ಹೊಣೆಯನ್ನೂ ಹೊರುವವರು ಲೇಖಕರು. ವಿದ್ಯಾರ್ಥಿ ಇಷ್ಟನ್ನೂ ಮಾಡಿದ್ದರೆ ಆಕೆಯ ಹೆಸರು ಕೃತಜ್ಞತೆಯ ಸಾಲಿನಲ್ಲಿ ಮುಗಿಯಬಾರದು. ಸಂಶೋಧಕರು ಕೇಂದ್ರಕ್ಕೆ ಶುಲ್ಕ ಕೊಟ್ಟ ಮಾತ್ರಕ್ಕೆ ಆ ಹಕ್ಕು ಹೋಗುವುದಿಲ್ಲ.

ಕೊನೆಯದಾಗಿ, ನಿಮ್ಮ ಸಿಬ್ಬಂದಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಗುತ್ತಾರೆ. ನಿಯತಕಾಲಿಕದ ವಿಮರ್ಶಕರ ಪ್ರಶ್ನೆಗಳು ಬರುವ ಹೊತ್ತಿಗೆ ವಿಶ್ಲೇಷಣೆ ಮಾಡಿದಾಕೆ ಎಲ್ಲೋ ಕೆಲಸಕ್ಕೆ ಸೇರಿರುತ್ತಾಳೆ. ಹಾಗಾಗಿ ತಂತ್ರಾಂಶದ ಪಟ್ಟಿಯಿಂದ ಆಯ್ದು ಒತ್ತುವ ರೂಢಿ ಬಿಡಿಸಿ, ಪ್ರತಿ ಹೆಜ್ಜೆಯನ್ನೂ ಗಣಕಯಂತ್ರಕ್ಕೆ ಕೊಡುವ ಆದೇಶಗಳಾಗಿ ಬರೆದಿಡುವುದನ್ನು ಕಡ್ಡಾಯ ಮಾಡಿ. ವರದಿ ಹೊರಹೋಗುವ ಮುನ್ನ, ಆ ಕೆಲಸವನ್ನು ಕಂಡೇ ಇರದ ಕಿರಿಯ ವಿದ್ಯಾರ್ಥಿಯೊಬ್ಬ ಮೂಲ ಹಾಳೆಯಿಂದ ಶುರುಮಾಡಿ, ಯಾರನ್ನೂ ಕೇಳದೆ, ವರದಿಯ ಪ್ರತಿಯೊಂದು ಅಂಕಿಯನ್ನೂ ಮತ್ತೆ ತೆಗೆದು ತೋರಿಸಲಿ. ಅವನಿಂದ ಆಗದಿದ್ದರೆ ವರದಿ ಇನ್ನೂ ಸಿದ್ಧವಾಗಿಲ್ಲವೆಂದೇ ಲೆಕ್ಕ.

— ಸಂಪಾದಕ