ಕ್ಯಾಮೆರಾದಿಂದ ನಮ್ಮ ಬಡಾವಣೆಗೆ, ಇಲ್ಲಿ ದುಡಿಯೋರಿಗೆ ಏನಾದರೂ ಒಳ್ಳೇದಾಗುತ್ತಾ?

ಖಂಡಿತ ಆಗುತ್ತೆ. "ಫೋಟೋ ಹಾಕಿದರೆ ನಾಲ್ಕು ಲೈಕ್ ಬಿಟ್ಟು ಬೇರೇನೂ ಬರಲ್ಲ" ಅಂತ ಬರೆದಿದ್ದೀರಿ. ಆದರೆ ಆ ಫೋಟೋ ಯಾರ ಮೇಜಿಗೆ ಹೋಗಿ ಬೀಳುತ್ತೆ ಅನ್ನೋದು ಮುಖ್ಯ.

ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರನ್ನೇ ನೋಡಿ. ಮಲ ಹೊರಿಸುವುದನ್ನು ನಿಷೇಧಿಸುವ ಕಾನೂನು 1993ರಲ್ಲೇ ಬಂತು. ಆದರೂ ಸರ್ಕಾರಗಳು ನಮ್ಮಲ್ಲಿ ಒಣ ಪಾಯಿಖಾನೆಗಳೇ (ನೀರಿಲ್ಲದ, ಮಲವನ್ನು ಕೈಯಿಂದ ಎತ್ತಬೇಕಾದವು) ಇಲ್ಲ ಅನ್ನುತ್ತಿದ್ದವು. ವಿಲ್ಸನ್ ಮತ್ತು ಈ ಪದ್ಧತಿ ನಿಲ್ಲಿಸಲು ಹೋರಾಡುವ ಸಫಾಯಿ ಕರ್ಮಚಾರಿ ಆಂದೋಲನದವರು ಊರೂರು ತಿರುಗಿ ಒಣ ಪಾಯಿಖಾನೆಗಳ ಫೋಟೋ ತೆಗೆದರು, ಪಟ್ಟಿ ಮಾಡಿದರು. 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 2014ರಲ್ಲಿ ತೀರ್ಪು ಬಂತು: 1993ರಿಂದೀಚೆಗೆ ಮ್ಯಾನ್‌ಹೋಲ್‌ಗಳಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕು.

ಅಮೆರಿಕದ ಲೂಯಿಸ್ ಹೈನ್ ಗಿರಣಿಗಳಲ್ಲಿ ದುಡಿಯುವ ಮಕ್ಕಳ ಫೋಟೋ ತೆಗೆದವರು. 1908ರಿಂದ ಶುರುವಾದ ಕೆಲಸ. ತಮ್ಮ ಕೋಟಿನ ಒಂದೊಂದು ಗುಂಡಿ ನೆಲದಿಂದ ಎಷ್ಟು ಎತ್ತರ ಅಂತ ಅವರಿಗೆ ಗೊತ್ತಿತ್ತು. ಮಗು ಯಾವ ಗುಂಡಿಯ ತನಕ ಬರುತ್ತೆ ನೋಡಿ, ಜೇಬಿನೊಳಗೇ ಕೈಯಿಟ್ಟು ಬರೆದುಕೊಳ್ಳುತ್ತಿದ್ದರು. ಮೇಸ್ತ್ರಿ ಕಣ್ಣಿಗೆ ಬೀಳಬಾರದಲ್ವಾ! ಹೆಸರು, ವಯಸ್ಸು, ಕೆಲಸ ಎಲ್ಲ ಫೋಟೋ ಜೊತೆ ಹೋಗುತ್ತಿತ್ತು. ಸುಮ್ನೆ ಅಳುಮುಖ ತೋರಿಸಿದ್ದರೆ ಮಾಲೀಕರು ಸುಳ್ಳು ಅಂತ ತಳ್ಳಿಹಾಕುತ್ತಿದ್ದರು.

ನೀವೂ ಹಾಗೇ ಮಾಡಿ. ತೆರೆದ ಚರಂಡಿ, ಗ್ಲೌಸ್ ಇಲ್ಲದೆ ಕಸ ಬೇರ್ಪಡಿಸುವ ಕೈ, ಏನೇ ಇರಲಿ, ತಾರೀಖು ಮತ್ತು ಅಡ್ಡರಸ್ತೆಯ ಹೆಸರು ಬರೆದಿಡಿ. ಒಂದೇ ಜಾಗದಲ್ಲಿ ನಿಂತು ವಾರವಾರ ತೆಗೆಯಿರಿ. ಅರ್ಜಿಗೆ ಲಗತ್ತಿಸಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪೌರಕಾರ್ಮಿಕರ ಮುಖ ಮಾತ್ರ ಕೇಳದೆ ತೆಗೆಯಬೇಡಿ. ಗುತ್ತಿಗೆದಾರ ಗುರುತು ಹಿಡಿದರೆ ನಾಳೆ ಕೆಲಸ ಹೋಗೋದು ಅವರದ್ದು.

ನಮ್ಮ ಬೀದಿ ಗುಡಿಸುವ ಅಕ್ಕ ಒಬ್ಬರು ನನಗೆ ಹೇಳಿದ್ದರು: "ಪೊರಕೆ ಹಿಡಿದಿದ್ದೇ ಎಲ್ಲಾರೂ ತೆಗೀತಾರೆ. ರೇಷ್ಮೆ ಸೀರೇಲಿ ಒಂದು ತೆಗಿಯಪ್ಪ, ಮನೇಲಿ ಹಾಕ್ಕೋತೀನಿ." ತೆಗೆದೆ, ಕಟ್ಟು ಹಾಕಿಸಿಯೂ ಕೊಟ್ಟೆ. ಅಲ್ಲಿಂದ ಆ ಬೀದಿಯವರು ನನ್ನನ್ನು ನಂಬಿದ್ದು.

ಚೆನ್ನೈನಲ್ಲಿ ಫೋಟೋಗ್ರಾಫರ್ ಎಂ. ಪಳನಿಕುಮಾರ್ ಪೌರಕಾರ್ಮಿಕರ ಮಕ್ಕಳಿಗೇ ಫೋಟೋ ತೆಗೆಯೋದು ಕಲಿಸಿದ್ದಾರೆ. ನನಗೆ ಜಾಸ್ತಿ ಇಷ್ಟವಾದ ದಾರಿ ಅದು. ರಜೆಯಲ್ಲಿ ನಿಮ್ಮ ಏರಿಯಾದ ಮಕ್ಕಳ ಕೈಗೂ ಕ್ಯಾಮೆರಾ ಕೊಡಿ. ಅವರು ತೆಗೆದದ್ದನ್ನು ಪ್ರಿಂಟ್ ಹಾಕಿಸಿ, ರಾಜ್ಯೋತ್ಸವದ ದಿನ ಪೆಂಡಾಲ್ ಪಕ್ಕ ಹಗ್ಗ ಕಟ್ಟಿ ತೂಗುಹಾಕಿ. ಭಾಷಣಕ್ಕೆ ಬರುವ ಶಾಸಕರೂ ಅದರ ಮುಂದೆಯೇ ಹಾದು ಹೋಗಬೇಕು.