ಮೂರು ತಿಂಗಳು ತುಂಬಿದ ಮೇಲೆ ಡಾಕ್ಟರ ಹತ್ತಿರ ಹೋದರೆ ಸಾಲದಾ?

ಸಾಲದು. ಟೆಸ್ಟಲ್ಲಿ ಎರಡು ಗೆರೆ ಕಂಡ ವಾರವೇ ಹೋಗಿ. ಯಾಕಂದ್ರೆ ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವ ಕೆಲಸ ಅಷ್ಟು ದಿನ ಕಾಯುವುದಿಲ್ಲ. ಮೊದಲು ಅದು ಚಪ್ಪಟೆ ಹಾಳೆಯ ಹಾಗಿರುತ್ತದೆ, ಆಮೇಲೆ ಎರಡೂ ಅಂಚು ಮೇಲೆದ್ದು, ವೀಳ್ಯದೆಲೆ ಸುರುಳಿ ಸುತ್ತಿದ ಹಾಗೆ ಮಡಚಿಕೊಂಡು ಒಂದು ಕೊಳವೆಯಾಗುತ್ತದೆ. ಗರ್ಭ ನಿಂತ ಸುಮಾರು 28ನೇ ದಿನಕ್ಕೆ ಕೊಳವೆ ಮುಚ್ಚುತ್ತದೆ. ಆಗ ಮುಟ್ಟು ತಪ್ಪಿ ಎರಡೇ ವಾರ ಆಗಿರುತ್ತದೆ, ಅಷ್ಟೆ! ಎಲ್ಲಾದರೂ ಮುಚ್ಚದೆ ಉಳಿದರೆ ಮೆದುಳು ಅಥವಾ ಬೆನ್ನುಹುರಿಯಲ್ಲಿ ದೋಷ ಬರುತ್ತದೆ. ಆ ಅಪಾಯ ಕಡಿಮೆ ಮಾಡುವುದು ಫೋಲಿಕ್ ಆಸಿಡ್ ಮಾತ್ರೆ, ದಿನಕ್ಕೆ 400 ಮೈಕ್ರೋಗ್ರಾಂ. ಮಗು ಬೇಕು ಅಂದುಕೊಂಡಾಗಲೇ ಶುರು ಮಾಡಿ, ಗರ್ಭಕ್ಕೆ 12 ವಾರ ತುಂಬುವವರೆಗೆ ತಗೊಳ್ಳಿ. ಸಕ್ಕರೆ ಕಾಯಿಲೆ ಇದ್ದರೆ, ಫಿಟ್ಸ್ ಮಾತ್ರೆ ತಗೊಳ್ಳುತ್ತಿದ್ದರೆ ಡೋಸ್ ಜಾಸ್ತಿ ಬೇಕಾಗಬಹುದು. ಡಾಕ್ಟರನ್ನು ಕೇಳಿ, ಫಿಟ್ಸ್ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ.

ನಮ್ಮ ಕಾಸರಗೋಡಿನ ಕಡೆ ಮೂರು ತಿಂಗಳು ಯಾರಿಗೂ ಹೇಳಬಾರದು ಅಂತಾರಲ್ವಾ. ನೆಂಟರಿಗೆ ಹೇಳಬೇಡಿ, ಸರಿ. ಆಶಾ ಕಾರ್ಯಕರ್ತೆಗೆ ಹೇಳಿ. ಕೊನೆಯ ಮುಟ್ಟಿನ ಮೊದಲ ದಿನದ ತಾರೀಕನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಹೆರಿಗೆಯ ದಿನ ಲೆಕ್ಕ ಹಾಕುವುದು ಅದರಿಂದಲೇ. ಮಲಯಾಳ ಸರಿಯಾಗಿ ಬರದಿದ್ದರೂ ಆ ಚೀಟಿ ತೋರಿಸಿದರೆ ನರ್ಸಿಗೆ ಅರ್ಥವಾಗುತ್ತದೆ.