ಹಳೆಯ ಪಕಾಸಿಯ ಚೌಕಟ್ಟಿಟ್ಟು ಮನೆಗೊಂದು ದೊಡ್ಡ ಕಪ್ಪುಹಲಗೆ: ಮಲೆನಾಡಿನ ಮಳೆಗಾಲಕ್ಕೆ ನಿಲ್ಲುವಂತೆ ಮಾಡುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಚಿಕ್ಕಮಗಳೂರಿನ ಹತ್ತಿರ ನಿಮ್ಮ ಹೆಂಚಿನ ಮನೆಯ ಒಂದು ಭಾಗವನ್ನು ಬಿಚ್ಚಿದಾಗ ಪಕಾಸಿ (ಮಾಡಿನ ಇಳಿಜಾರಿಗೆ ಕೊಡುವ ಮರದ ತೊಲೆ), ರೀಪುಗಳು (ಹೆಂಚಿನಡಿಯ ಅಡ್ಡಪಟ್ಟಿ) ಉಳಿದಿವೆ, ಅವುಗಳ ಚೌಕಟ್ಟಿನಲ್ಲಿ ಆರಡಿ ಅಗಲದ ಕಪ್ಪುಹಲಗೆಯೊಂದನ್ನು ಕೂರಿಸಿ, ಮಕ್ಕಳ ಓದಿಗೂ ಮನೆಯ ಲೆಕ್ಕಕ್ಕೂ ಆಗುವಂತೆ ಹಜಾರದಲ್ಲಿ ಹಾಕಬೇಕೆಂದಿದ್ದೀರಿ, ಯಾವ ಹಲಗೆ, ಯಾವ ಬಣ್ಣ, ಮಳೆಗಾಲಕ್ಕೆ ಅದು ತಡೆಯುತ್ತದೆಯೇ ಎಂಬುದು ಪ್ರಶ್ನೆ. ನಾನು ಮೂಡಿಗೆರೆ ಕಡೆಯವನು, ಪ್ರಾಥಮಿಕ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವನು. ನಮ್ಮ ಮನೆಗೆಂದು ಇಂಥ ಹಲಗೆಯನ್ನು ಎರಡು ಸಲ ಮಾಡಿದ್ದೇನೆ. ಮೊದಲನೆಯದು ವರ್ಷ ತುಂಬುವುದರೊಳಗೆ ಕೆಟ್ಟಿತು. ಎರಡನೆಯದು ಈಗಲೂ ಗೋಡೆಯ ಮೇಲಿದೆ.

ಮೊದಲನೆಯದು ಕೆಟ್ಟ ಬಗೆಯನ್ನು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಮುಕ್ಕಾಲು ಉತ್ತರ ಅದರಲ್ಲೇ ಇದೆ. ಮುಖ ನುಣುಪಾಗಿದೆ, ಬಣ್ಣ ಚೆನ್ನಾಗಿ ಕೂರುತ್ತದೆ ಎಂದು, ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡುವ ಎಂಡಿಎಫ್ ಹಲಗೆ ತಂದೆ. ಆಗಸ್ಟ್ ತಿಂಗಳ ಮಳೆಯಲ್ಲಿ, ಕೊಟ್ಟಿಗೆಯ ಮಾಡಿನ ಕೆಳಗೆ ಕುಳಿತು, ಫೋಟೋಗೆ ಕಟ್ಟು ಹಾಕುವ ಹಾಗೆ ಮೂಲೆಗಳನ್ನು ಓರೆಯಾಗಿ ಕತ್ತರಿಸಿ ಚೌಕಟ್ಟು ಜೋಡಿಸಿದೆ. ಮುಂದಿನ ಮಾರ್ಚ್ ಹೊತ್ತಿಗೆ ನಾಲ್ಕು ಮೂಲೆಯೂ ಒಳಬದಿಯಲ್ಲಿ ಬಾಯಿ ಬಿಟ್ಟು, ಸಂದಿಯಲ್ಲಿ ಒಂದು ರೂಪಾಯಿಯ ನಾಣ್ಯ ತೂರುವಷ್ಟಾಯಿತು. ಮರ ಉದ್ದಕ್ಕೆ ಹೆಚ್ಚು ಕಡಿಮೆ ಆಗುವುದಿಲ್ಲ. ತೇವ ಹೀರಿದಾಗ ಅಗಲಕ್ಕೆ ಹಿಗ್ಗುತ್ತದೆ, ಒಣಗಿದಾಗ ಅಗಲಕ್ಕೇ ಕುಗ್ಗುತ್ತದೆ. ಮಳೆಗಾಲದಲ್ಲಿ ಉಬ್ಬಿದ್ದ ಮರವನ್ನು ಓರೆ ಕತ್ತರಿಸಿದರೆ, ಬೇಸಿಗೆಯಲ್ಲಿ ಅಗಲ ಕುಗ್ಗಿದ ಕೂಡಲೇ ಆ ಓರೆಯ ಕೋನವೇ ಬದಲಾಗುತ್ತದೆ. ಮತ್ತೊಂದು ಜೂನ್ ಬಂದಾಗ ಗೋಡೆಯ ತಂಡಿಗೆ ಎಂಡಿಎಫ್‌ನ ಕೆಳ ಅಂಚು ಹೊಟ್ಟೆ ಉಬ್ಬಿಸಿಕೊಂಡು ಬಣ್ಣವೆಲ್ಲ ಪೊರೆ ಎದ್ದಿತು. ಆದ್ದರಿಂದ ನನ್ನ ಮೊದಲ ಮಾತು ಕಾಲದ ಬಗ್ಗೆ: ಕಾಫಿ ಕೊಯ್ಲು ಮುಗಿದು, ಗಿಡ ಹೂಬಿಡಿಸುವ ಹೂಮಳೆ ಬೀಳುವ ಮುಂಚಿನ ಒಣ ದಿನಗಳಲ್ಲಿ ಈ ಕೆಲಸಕ್ಕೆ ಕೈ ಹಾಕಿ. ಅಲ್ಲಿಯವರೆಗೆ ಮರವನ್ನು ಮನೆಯೊಳಗೇ, ನೆಲಕ್ಕೆ ತಾಗದಂತೆ ಅಡ್ಡಪಟ್ಟಿಯ ಮೇಲೆ ಪೇರಿಸಿಡಿ.

ಹಲಗೆಗೆ 12 ಮಿಲಿಮೀಟರ್ ದಪ್ಪದ ಪ್ಲೈವುಡ್ ಸಾಕು. ಭಾರತೀಯ ಮಾನಕದ ಐಎಸ್ 303 ಗುರುತಿರುವ ಸಾಧಾರಣ ಪ್ಲೈವುಡ್‌ನಲ್ಲಿ ಎಂಆರ್ (ತೇವ ತಡೆಯುವುದು) ಮತ್ತು ಬಿಡಬ್ಲ್ಯುಆರ್ (ಕುದಿನೀರನ್ನೂ ತಡೆಯುವುದು) ಎಂಬ ಎರಡು ದರ್ಜೆಗಳಿವೆ. ನಮ್ಮ ಹವೆಗೆ ಎರಡನೆಯದನ್ನೇ ಕೇಳಿ ತೆಗೆದುಕೊಳ್ಳಿ. ಐಎಸ್ 710 ಗುರುತಿನ ಮರೀನ್ ಪ್ಲೈ ಇನ್ನೂ ಗಟ್ಟಿ, ಆದರೆ ಮನೆಯೊಳಗಿನ ಹಲಗೆಗೆ ಅಷ್ಟು ಹಣ ಹಾಕಬೇಕಾಗಿಲ್ಲ. ಎಂಟಡಿ ಉದ್ದ ನಾಲ್ಕಡಿ ಅಗಲದ ಪೂರ್ತಿ ಹಾಳೆಯನ್ನು ಅಂಗಡಿಯಲ್ಲೇ ಆರಡಿಗೆ ಕತ್ತರಿಸಿಕೊಳ್ಳಿ. ಉಳಿದ ಎರಡಡಿ ತುಂಡಿನ ಮೇಲೆ ಬಣ್ಣ ಹಚ್ಚಿ ಮೊದಲು ಬರೆದು ನೋಡಬಹುದು.

ಜನ ಚೌಕಟ್ಟಿಗೆ ಹದಿನೈದು ದಿನ ಕೊಡುತ್ತಾರೆ, ಬರೆಯುವ ಮುಖಕ್ಕೆ ಒಂದು ಮಧ್ಯಾಹ್ನ. ಇದು ಸರಿಯಲ್ಲ. ನಾನು ಓದುವಾಗ, ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ನಾವು ಹುಡುಗರು ಇದ್ದಿಲು ಕುಟ್ಟಿ, ಸೊಪ್ಪಿನ ರಸದಲ್ಲಿ ಕಲಸಿ ಶಾಲೆಯ ಬೋರ್ಡಿಗೆ ತಿಕ್ಕುತ್ತಿದ್ದೆವು. ಹೊಳಪಿಲ್ಲದ, ಬೆರಳಿಗೆ ಸ್ವಲ್ಪ ತರಿಯೆನಿಸುವ ಆ ಮೈಯಲ್ಲಿ ಸೀಮೆಸುಣ್ಣ ಸೊಗಸಾಗಿ ಹತ್ತುತ್ತಿತ್ತು. ಇಂದಿನ ಬಣ್ಣದಲ್ಲೂ ಬೇಕಾದದ್ದು ಅದೇ ಗುಣ. ಹೊಳೆಯುವ ಎನಾಮೆಲ್ ಎಷ್ಟೇ ಕಪ್ಪಾಗಿದ್ದರೂ ಅದರ ಮೇಲೆ ಸೀಮೆಸುಣ್ಣ ಜಾರುತ್ತದೆ. ಬಣ್ಣದಂಗಡಿಯಲ್ಲಿ ಬ್ಲ್ಯಾಕ್‌ಬೋರ್ಡ್ ಪೇಂಟ್ ಎಂದೇ ಕೇಳಿ. ಸಿಗದಿದ್ದರೆ, ಹೊಳಪಿಲ್ಲದ ನೀರು ಬೆರೆಯುವ ಕಪ್ಪು ಬಣ್ಣ ಒಂದು ಬಟ್ಟಲಿಗೆ, ಟೈಲ್ಸ್ ಸಂದಿಗೆ ತುಂಬುವ ಮರಳಿಲ್ಲದ ಗ್ರೌಟ್ ಪುಡಿಯನ್ನು ಎರಡು ದೊಡ್ಡ ಚಮಚ ಬೆರೆಸಿ ಗಂಟಿಲ್ಲದಂತೆ ಕಲಸಿದರೂ ಆಗುತ್ತದೆ. ಆದರೆ ಅದು ಗಟ್ಟಿಯಾಗುವ ವಸ್ತು, ಆಗಿಂದಾಗ ಬೇಕಾದಷ್ಟನ್ನೇ ಕಲಸಬೇಕು.

ಬಣ್ಣಕ್ಕೆ ಮುಂಚೆ ಪ್ಲೈವುಡ್‌ನ ಸಣ್ಣ ಗುಳಿಗಳನ್ನು ಮರಕ್ಕೆ ಹಾಕುವ ಫಿಲ್ಲರ್‌ನಿಂದ ತುಂಬಿ. ಗೋಡೆಯ ಸಿಮೆಂಟ್ ಪುಟ್ಟಿಯನ್ನು ಇಲ್ಲಿ ಬಳಸಬೇಡಿ, ಅದು ಬಿರುಕು ಬಿಡುತ್ತದೆ. 120ನೇ ನಂಬರಿನ ಉಪ್ಪುಕಾಗದದಲ್ಲಿ ತಿಕ್ಕಿ, ಮರದ ಪ್ರೈಮರ್ ಎರಡು ಸಲ ಹಚ್ಚಿ, ಒಣಗಿದ ಮೇಲೆ 220ರಲ್ಲಿ ಮತ್ತೆ ತಿಕ್ಕಿ. ಕಪ್ಪು ಬಣ್ಣವನ್ನು ಕುಂಚದಲ್ಲಿ ಎಳೆದರೆ ಗೀರು ಉಳಿಯುವುದರಿಂದ ಸಣ್ಣ ಫೋಮ್ ರೋಲರ್ ಹಿಡಿದು, ತೆಳುವಾಗಿ ಮೂರು ಕೈ ಬಳಿಯಿರಿ: ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ, ಮತ್ತೊಂದು ಅಡ್ಡಕ್ಕೆ. ಪ್ರತಿ ಕೈಯ ನಡುವೆ ಒಂದು ರಾತ್ರಿ ಬಿಡುವುದು ನನ್ನ ಪದ್ಧತಿ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಮುಂದಿನ ಮುಖಕ್ಕೆ ಎಷ್ಟು ಕೈ ಪ್ರೈಮರ್, ಎಷ್ಟು ಕೈ ಬಣ್ಣವೋ ಹಿಂದಿನ ಮುಖಕ್ಕೂ ಅಷ್ಟೇ ಬೀಳಬೇಕು, ನಾಲ್ಕು ಅಂಚುಗಳೂ ಅದರಲ್ಲಿ ನೆನೆಯಬೇಕು. ಹಿಂಬದಿಯನ್ನು ಬರಿದೇ ಬಿಟ್ಟರೆ ಅದೊಂದೇ ಕಡೆ ತೇವ ಕುಡಿದು ಹಲಗೆ ಬಿಲ್ಲಿನಂತೆ ಬಾಗುತ್ತದೆ.

ಬಣ್ಣ ಒಣಗಿದ ಕೂಡಲೇ ಮಕ್ಕಳಿಗೆ ಬಿಟ್ಟುಕೊಡಬೇಡಿ. ಕಡಿಮೆಯೆಂದರೆ ಮೂರು ದಿನ, ಸಾಧ್ಯವಾದರೆ ಒಂದು ವಾರ, ಗಾಳಿಯಾಡುವಲ್ಲಿ ನಿಲ್ಲಿಸಿ. ಬಳಿಕ ಸೀಮೆಸುಣ್ಣವನ್ನು ಅಡ್ಡ ಮಲಗಿಸಿ ಹಲಗೆಯ ತುಂಬ ತಿಕ್ಕಿ, ಮೈಯೆಲ್ಲ ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಒಣಬಟ್ಟೆಯಿಂದ ಒರೆಸಿ. ಹೀಗೆ ಸಣ್ಣ ರಂಧ್ರಗಳಿಗೆಲ್ಲ ಪುಡಿ ಮೊದಲೇ ತುಂಬದಿದ್ದರೆ, ನೀವು ಬರೆಯುವ ಮೊದಲ ಅಕ್ಷರಗಳೇ ಅಲ್ಲಿ ಇಳಿದು, ಎಷ್ಟು ಒರೆಸಿದರೂ ನೆರಳಿನಂತೆ ಉಳಿದುಬಿಡುತ್ತವೆ.

ಇನ್ನು ಚೌಕಟ್ಟು. ನಿಮ್ಮ ಪಕಾಸಿಗಳು ನಾಲ್ಕು ಅಂಗುಲ ಅಗಲ, ಎರಡು ಅಂಗುಲ ದಪ್ಪ ಇರಬಹುದೆಂದುಕೊಂಡು ಹೇಳುತ್ತೇನೆ. ಮೊದಲು ಮೊಳೆಗಳನ್ನೆಲ್ಲ ಕಿತ್ತು, ಅಯಸ್ಕಾಂತವೊಂದನ್ನು ಮೇಲೆ ಆಡಿಸಿ, ಒಳಗೆ ಮುರಿದುಳಿದ ಮೊಳೆ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಮಿಲ್ಲಿನವರ ಗರಗಸ ಕೆಡಿಸಿ ಮಾತು ಕೇಳುವುದು ಬೇಡ. ಮರವನ್ನು ತಟ್ಟಿದಾಗ ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹುಳ ಇನ್ನೂ ಬದುಕಿದೆ ಎಂದರ್ಥ. ಆ ತುಂಡನ್ನು ಬಿಟ್ಟುಬಿಡಿ. ಉಳಿದವಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಹಚ್ಚಿ ಚೆನ್ನಾಗಿ ಒಣಗಿಸಿ. ಮರದ ಮೇಲೆ ಹಳೆಯ ಎಣ್ಣೆಬಣ್ಣವಿದ್ದರೆ ಒಣಗಿದ್ದನ್ನು ತಿಕ್ಕಿ ಧೂಳೆಬ್ಬಿಸಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರುವ ಸಾಧ್ಯತೆ ಇದೆ, ಮಕ್ಕಳಿರುವ ಮನೆಯಲ್ಲಿ ಆ ಮರವೇ ಬೇಡ.

ಒಂದು ಪಕಾಸಿಯನ್ನು ಉದ್ದಕ್ಕೆ ಸೀಳಿಸಿದರೆ ಮುಕ್ಕಾಲು ಅಂಗುಲಕ್ಕೆ ಮೇಲಿನ ದಪ್ಪದ ಎರಡು ಪಟ್ಟಿಗಳು ಸಿಗುತ್ತವೆ. ಪ್ರತಿಯೊಂದಕ್ಕೂ ಒಂದು ಹಳೆಯ ಮುಖ, ಒಂದು ಹೊಸದಾಗಿ ಕೊಯ್ದ ಮುಖ. ಕೊಯ್ದ ಮುಖವನ್ನು ಉಜ್ಜುಗೊರಡಿನಿಂದ ಸಮ ಮಾಡಿ ಹಿಂದಕ್ಕೆ ಇಡಿ. ಹಳೆಯ ಮುಖ, ಬಾಚಿಯ ಏಟಿನ ಗುರುತು, ಅಡುಗೆಮನೆಯ ಹೊಗೆ ಕುಡಿದ ಆ ಕಂದು ಬಣ್ಣ ಎಲ್ಲವೂ ಮುಂದೆ ಬರಲಿ. ಅದನ್ನು ತಂತಿ ಬ್ರಷ್‌ನಿಂದ ಮರದ ಎಳೆಯ ಗುಂಟ ಉಜ್ಜಿ, ಒದ್ದೆಬಟ್ಟೆಯಲ್ಲಿ ಒರೆಸಿದರೆ ಸಾಕು. ಹೊಗೆಯಾಡಿದ ಹಲಸಿನ ಮರವನ್ನು ಹೊಸದರಂತೆ ಹೊಳೆಯಿಸುವುದು ನನಗೆ ನೋವೆನಿಸುತ್ತದೆ.

ಪಟ್ಟಿಗಳನ್ನು ಮೂರೂವರೆ ಅಂಗುಲ ಅಗಲಕ್ಕೆ ತನ್ನಿ. ಪ್ಲೈವುಡ್ಡಿನ ಅಂಚಿನ ಮೇಲೆ ಎಲ್ಲ ಕಡೆಯೂ ಒಂದಂಗುಲ ಚೌಕಟ್ಟು ಹತ್ತಿ ಕೂರಬೇಕಾದ್ದರಿಂದ ಹೊರ ಅಳತೆ 77 ಅಂಗುಲ ಮತ್ತು 53 ಅಂಗುಲ ಆಗುತ್ತದೆ. ಮೂಲೆಗಳಿಗೆ ಓರೆ ಜೋಡಣೆ ಬೇಡ; ಎರಡೂ ಪಟ್ಟಿಯ ಅರ್ಧರ್ಧ ದಪ್ಪವನ್ನು ತೆಗೆದು ಒಂದರ ಮೇಲೊಂದು ಕೂರಿಸುವ ಅರ್ಧ ಕಚ್ಚು ಹಾಕಿ. ಮುಂದಿನ ಮುಖ ಏರುಪೇರಿರುವುದರಿಂದ ಕಚ್ಚಿನ ಆಳವನ್ನು ಸಮತಟ್ಟಾದ ಹಿಂಬದಿಯಿಂದಲೇ ಗುರುತು ಮಾಡಬೇಕು, ಮೂಲೆಮಟ್ಟವನ್ನೂ ಹಿಂಬದಿಗೇ ಹಿಡಿಯಬೇಕು. ಇದನ್ನು ನಮ್ಮೂರಿನ ಆಚಾರ್ರು ತೋರಿಸಿಕೊಟ್ಟ ಮೇಲಷ್ಟೇ ನನ್ನ ಕಚ್ಚುಗಳು ಸರಿಯಾಗಿ ಕೂತವು. ಮರದ ಅಂಟು ಹಚ್ಚಿ, ಹಿಂದಿನಿಂದ ಮೂಲೆಗೆ ಎರಡು ಗಿಡ್ಡ ಸ್ಕ್ರೂ ಹಾಕಿ, ಕರ್ಣಗಳೆರಡೂ ಸಮವಿದೆಯೇ ಎಂದು ದಾರ ಹಿಡಿದು ನೋಡಿ. ಕೊನೆಗೆ ಅಗಸೆ ಎಣ್ಣೆಯನ್ನು ತೆಳ್ಳಗೆ ಹಚ್ಚಿ ಒರೆಸಿ. ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳುವ ಅಪಾಯವಿದೆ. ಬಿಡಿಸಿ ಹೊರಗೆ ಹರವಿ ಒಣಗಿಸಿ.

ಹಲಗೆ, ಚೌಕಟ್ಟು ಸೇರಿ ತೂಕ 25 ಕೆ.ಜಿ.ಗೆ ಕಡಿಮೆಯಾಗದು. ಸಿಮೆಂಟಿನ ಗೋಡೆಯಾದರೆ, ಒಂದಂಗುಲ ದಪ್ಪದ ರೀಪನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿ, ಒಂದು ಹೋಳನ್ನು ಚೌಕಟ್ಟಿನ ಮೇಲುಪಟ್ಟಿಯ ಹಿಂದಕ್ಕೂ ಇನ್ನೊಂದನ್ನು ಗೋಡೆಗೂ ಬಿಗಿದು, ಒಂದರೊಳಗೊಂದು ಸಿಕ್ಕಿಸಿ ನೇತುಹಾಕಿ. ಕೆಳಗೂ ಅಷ್ಟೇ ದಪ್ಪದ ಪಟ್ಟಿ ಕೊಟ್ಟರೆ ಹಲಗೆಗೂ ಗೋಡೆಗೂ ಅರ್ಧ ಅಂಗುಲದಷ್ಟು ಸಂದಿ ಉಳಿದು ಗಾಳಿಯಾಡುತ್ತದೆ. ಹಳೆಯ ಮಣ್ಣಿನ ಗೋಡೆಯಾದರೆ ಅದರ ಮೇಲೆ ಭಾರ ಹಾಕಲೇಬೇಡಿ: ಗಟ್ಟಿ ಬೆಂಚಿನ ಮೇಲೆ ನಿಲ್ಲಿಸಿ, ಮುಂದಕ್ಕೆ ಬೀಳದಂತೆ ಮೇಲ್ಗಡೆಯಿಂದ ತೊಲೆಗೆ ಕೊಂಡಿ ಹಾಕಿ. ಕಿಟಕಿಯ ಎದುರು ಗೋಡೆಗಿಂತ ಪಕ್ಕದ ಗೋಡೆ ಒಳ್ಳೆಯದು, ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ. ಚೌಕಟ್ಟಿನ ಕೆಳಗೆ ಸೀಮೆಸುಣ್ಣದ ತಟ್ಟೆ ಕೂರಿಸುವುದಾದರೆ ಅದರ ಎರಡು ತುದಿಯನ್ನೂ ಮುಚ್ಚದೆ ಬಿಡಿ, ಪುಡಿ ಗುಡಿಸಲು ಸುಲಭ.

ಮಕ್ಕಳಿಗೆ ಒಂದು ಮಾತು ಹೇಳಿಡಿ. ನಮ್ಮಲ್ಲಿ ಸೀಮೆಸುಣ್ಣಕ್ಕೂ ಬಳಪ ಎನ್ನುವ ರೂಢಿಯಿದೆ. ಆದರೆ ಸ್ಲೇಟಿನ ಬಳಪವೇ ಬೇರೆ. ಬೇಲೂರು, ಹಳೇಬೀಡಿನ ಶಿಲ್ಪಗಳನ್ನು ಕಡೆದ ಬಳಪದ ಕಲ್ಲಿನ ಹೆಸರಿನಲ್ಲೂ ಇರುವುದು ಆ ಪದವೇ. ಸ್ಲೇಟಿನ ಬಳಪ ಸ್ಲೇಟಿಗೆ ಸರಿ, ಬಣ್ಣದ ಹಲಗೆಯ ಮೇಲೆ ಗೀರು ಬೀಳಿಸುತ್ತದೆ.

ಪ್ಲೈವುಡ್ಡನ್ನು ಚೌಕಟ್ಟಿಗೆ ಅಂಟಿಸಬೇಡಿ. ಹಿಂದಿನಿಂದ, ಅಂಚಿಗೆ ಅರ್ಧ ಅಂಗುಲ ಒಳಗೆ, ಎಂಟೆಂಟು ಅಂಗುಲಕ್ಕೊಂದರಂತೆ 25 ಮಿಲಿಮೀಟರಿನ ಸ್ಕ್ರೂಗಳಿಂದಷ್ಟೇ ಹಿಡಿಸಿ. ತೂತುಗಳನ್ನು ಎಡ ಬಲ ಎರಡೂ ತುದಿಗಳಿಂದ ಸಮದೂರದಲ್ಲಿ ಕೊರೆಯಿರಿ. ಕೆಲವು ವರ್ಷ ಬರೆದು ಒರೆಸಿ ಮುಂದಿನ ಮುಖ ಸವೆದಾಗ, ಸ್ಕ್ರೂ ಬಿಚ್ಚಿ ಹಲಗೆಯನ್ನು ಮಗುಚಿದರೆ ಅವೇ ತೂತುಗಳಿಗೆ ಕೂರುತ್ತದೆ. ಹಿಂಬದಿಗೂ ನೀವು ಮೂರು ಕೈ ಬಣ್ಣ ಬಳಿದಿರುತ್ತೀರಲ್ಲ, ಸೀಮೆಸುಣ್ಣ ತಿಕ್ಕಿ ಒರೆಸಿಕೊಂಡು ಅಂದೇ ಬರೆಯಲು ತೊಡಗಬಹುದು.